ಸಮುದ್ರದ ಸಹಪಂಕ್ತಿ

ಒಂದೇ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಒಂದೇ ಬಗೆಯ ಊಟವನ್ನು ಮಾಡುವುದಿಲ್ಲವೆಂಬುದು ಗೃಹಸ್ಥರಿಗೆಲ್ಲ ತಿಳಿದ ಸಂಗತಿ. ಮಗುವಿಗೆ ಹಾಲನ್ನ, ಮುದುಕರಿಗೆ ಮೆತ್ತನೆಯ ಸಾರನ್ನ, ವ್ರತವಿದ್ದವರಿಗೆ ಫಲಾಹಾರ. ಎಲೆಗಳು ಸಾಲಾಗಿದ್ದರೂ ಬಡಿಸುವ ಪದಾರ್ಥಗಳು ಬೇರೆ. ಹತ್ತು ಜನರಿರುವ ಮನೆಯಲ್ಲಿ ಜಗಳವಿಲ್ಲದೆ ದಿನ ಕಳೆಯುವುದಕ್ಕೆ ಈ ಬೇರ್ಪಾಟೂ ಒಂದು ಕಾರಣವೆಂದು ಅನುಭವಸ್ಥರು ಬಲ್ಲರು. ಸಮುದ್ರದಲ್ಲಿಯೂ ಇಂಥದೊಂದು ಪಂಕ್ತಿ ಉಂಟು. ಅದರಲ್ಲಿ ಜೊತೆಗೂಡುವುವು ಎರಡು ಜಾತಿಗಳು: ಡಾಲ್ಫಿನ್ ಎಂಬ ಪ್ರಾಣಿ, ಟ್ಯೂನಾ ಎಂಬ ದೊಡ್ಡ ಮೀನು. ಇವುಗಳ ಸಹವಾಸದ ಗುಟ್ಟನ್ನು ವಿಜ್ಞಾನಿಗಳು ಬಿಡಿಸಿದ ಬಗೆಯೂ, ಆ ಪಂಕ್ತಿಗೆ ಕರೆಯದೆ ಬಂದು ಸೇರಿದ ಮೂರನೆಯವನಿಂದ ಆದ ಅನರ್ಥವೂ, ಆ ಅನರ್ಥಕ್ಕೆ ತಕ್ಕಮಟ್ಟಿಗೆ ದೊರೆತ ಪರಿಹಾರವೂ ತಿಳಿಯತಕ್ಕ ವಿಷಯಗಳಾಗಿವೆ.

ಅಮೆರಿಕಾ ಖಂಡದ ಪಶ್ಚಿಮಕ್ಕೆ, ಮೆಕ್ಸಿಕೋ ದೇಶದಿಂದ ಪೆರು ದೇಶದವರೆಗೆ ಹಬ್ಬಿ, ಪಡುವಣಕ್ಕೆ ಸಾವಿರಾರು ಮೈಲಿ ಚಾಚಿಕೊಂಡಿರುವ ಪೆಸಿಫಿಕ್ ಮಹಾಸಾಗರದ ಉಷ್ಣಭಾಗದಲ್ಲಿ ಈ ನೋಟ ವಿಶೇಷವಾಗಿ ಕಾಣುತ್ತದೆ. ಹಗಲುಹೊತ್ತಿನಲ್ಲಿ ಹಡಗಿನ ಮೇಲೆ ನಿಂತು ದುರ್ಬೀನು ಹಿಡಿದವನಿಗೆ ಮೊದಲು ಕಾಣುವುವು ಹಕ್ಕಿಗಳು. ರೀವಗಳೂ, ಬೂಬಿಗಳೂ, ಉದ್ದನೆಯ ರೆಕ್ಕೆಯ ಫ್ರಿಗೇಟ್ ಹಕ್ಕಿಗಳೂ ನೀರಿನ ಮೇಲೆ ಸುತ್ತುತ್ತಿರುತ್ತವೆ. ಅವುಗಳ ಕೆಳಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕ ಡಾಲ್ಫಿನ್‌ಗಳು ನೆಗೆನೆಗೆದು ಮುಂದುವರಿಯುತ್ತವೆ. ಆ ಡಾಲ್ಫಿನ್‌ಗಳ ನೆರಳಿನಲ್ಲಿಯೋ ಎಂಬಂತೆ, ಅವುಗಳ ಹೊಟ್ಟೆಯ ಕೆಳಗಿನ ನೀರಿನಲ್ಲಿ, ಹಳದಿ ರೆಕ್ಕೆಯ ಟ್ಯೂನಾಗಳ ಹಿಂಡು ಅದೇ ವೇಗದಿಂದ ಅದೇ ದಿಕ್ಕಿಗೆ ಹೋಗುತ್ತಿರುತ್ತದೆ. ಹಿಂಡು ತಿರುಗಿದರೆ ಮೀನೂ ತಿರುಗುವುದು. ಹಿಂಡು ಓಡಿದರೆ ಮೀನೂ ಓಡುವುದು.

ಈ ಜೊತೆಗಾರರಿಬ್ಬರೂ ಹುಟ್ಟಿನಿಂದ ಎಷ್ಟು ದೂರದವರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಡಾಲ್ಫಿನ್ ನೋಡುವುದಕ್ಕೆ ಮೀನಿನಂತಿದ್ದರೂ ಮೀನಲ್ಲ. ನಮ್ಮ ಹಾಗೆಯೇ ಬಿಸಿರಕ್ತದ ಪ್ರಾಣಿ, ಶ್ವಾಸಕೋಶದಿಂದ ಉಸಿರಾಡುವುದು, ಮರಿಯನ್ನು ಹೆತ್ತು ಮೊಲೆಯೂಡಿಸಿ ಸಾಕುವುದು. ಟ್ಯೂನಾದ ಜೊತೆಯಲ್ಲಿ ಕಾಣುವ ಡಾಲ್ಫಿನ್‌ಗಳಲ್ಲಿ ಮುಖ್ಯವಾದುವು ಎರಡು ಜಾತಿ. ಒಂದು ಚುಕ್ಕೆ ಡಾಲ್ಫಿನ್. ಇದರ ಮರಿಗೆ ಚುಕ್ಕೆಗಳಿರುವುದಿಲ್ಲ, ವಯಸ್ಸು ಏರಿದಂತೆ ಮೈಮೇಲೆ ಚುಕ್ಕೆಗಳು ಮೂಡುತ್ತ ಹೋಗುವುವು. ಇನ್ನೊಂದು ಗಿರಕಿ ಡಾಲ್ಫಿನ್. ಇದು ನೀರಿನಿಂದ ಮೇಲಕ್ಕೆ ಹಾರಿ ಬುಗುರಿಯಂತೆ ಹಲವು ಸುತ್ತು ತಿರುಗಿ ಬೀಳುವುದರಿಂದ ಆ ಹೆಸರು. ಟ್ಯೂನಾ ಆದರೋ ನಿಜವಾದ ಮೀನು. ನಮ್ಮ ಕರಾವಳಿಯ ಅಡಿಗೆಮನೆಗಳಿಗೆ ಪರಿಚಿತವಾದ ಬಂಗುಡೆಯ ಕುಟುಂಬಕ್ಕೆ ಸೇರಿದುದು. ಬಂಗುಡೆ ಗೇಣುದ್ದವಿದ್ದರೆ ಇದು ಮನುಷ್ಯನಷ್ಟು ಉದ್ದಕ್ಕೂ ಬೆಳೆಯಬಲ್ಲುದು. ಇದು ನಿಂತಲ್ಲಿ ನಿಲ್ಲುವಂತಿಲ್ಲ; ಬಾಯಿಯ ಮೂಲಕ ನುಗ್ಗಿದ ನೀರು ಕಿವಿರುಗಳ ಮೇಲೆ ಹರಿದರೆ ಮಾತ್ರ ಇದಕ್ಕೆ ಉಸಿರು. ಆದುದರಿಂದ ಹುಟ್ಟಿದಂದಿನಿಂದ ಸಾಯುವವರೆಗೂ ಈಜುತ್ತಲೇ ಇರಬೇಕು. ಅಷ್ಟು ಓಡಾಡುವ ದೇಹಕ್ಕೆ ಆಹಾರವೂ ಬಹಳ ಬೇಕು.

ಎರಡೂ ಬೇಟೆಗಾರರು, ಎರಡಕ್ಕೂ ಹಸಿವು ಹೆಚ್ಚು. ಹೀಗಿರುವಾಗ ಒಂದರ ಬಾಯಿಯ ತುತ್ತನ್ನು ಇನ್ನೊಂದು ಕಿತ್ತುಕೊಳ್ಳದೆ ಜೊತೆಯಾಗಿ ಹೋಗುವುದು ಹೇಗೆ? ಈ ಪ್ರಶ್ನೆಗೆ ಬಹುಕಾಲ ಎಲ್ಲರೂ ಕೊಡುತ್ತಿದ್ದ ಉತ್ತರ ಒಂದೇ: ಇವು ಕೂಡಿ ಬೇಟೆಯಾಡಿ ಹಂಚಿಕೊಂಡು ತಿನ್ನುವುವು. ಈ ಉತ್ತರಕ್ಕೆ ಆಧಾರವಿಲ್ಲದೆ ಇಲ್ಲ. ಅಟ್ಲಾಂಟಿಕ್ ಸಾಗರದ ಅಝೋರ್ಸ್ ದ್ವೀಪಗಳ ಬಳಿ ಡಾಲ್ಫಿನ್‌ಗಳು ಸಣ್ಣ ಮೀನುಗಳ ಹಿಂಡನ್ನು ಸುತ್ತುಗಟ್ಟಿ, ಆಳದಿಂದ ಮೇಲಕ್ಕೆ ಅಟ್ಟಿ, ಚೆಂಡಿನಂತೆ ಒತ್ತರಿಸುವುವು. ಅಷ್ಟರಲ್ಲಿ ಟ್ಯೂನಾಗಳು ಬಂದು ನುಗ್ಗುವುವು. ಮೇಲಿನಿಂದ ಹಕ್ಕಿಗಳು ಮುಳುಗುವುವು. ಕೆಲವೇ ನಿಮಿಷಗಳಲ್ಲಿ ಚೆಂಡು ಕರಗಿಹೋಗುತ್ತದೆ. ದಕ್ಷಿಣ ಆಫ್ರಿಕದ ಪೂರ್ವತೀರದಲ್ಲಿ ವರ್ಷಕ್ಕೊಮ್ಮೆ, ಜೂನ್ ಜುಲೈ ತಿಂಗಳುಗಳಲ್ಲಿ, ನಮ್ಮ ಬೂತಾಯಿಯ ಬಳಗದ ಮೀನುಗಳು ಬಡಗಣಕ್ಕೆ ಸಾಗುವಾಗ ಡಾಲ್ಫಿನ್, ಶಾರ್ಕ್, ಹಕ್ಕಿಗಳೆಲ್ಲ ಹೀಗೆಯೇ ಒಂದು ಹಬ್ಬಕ್ಕೆ ಸೇರುವುವು. ಇವು ನಿಜವಾದ ಸಹಭೋಜನಗಳು. ಆದರೆ ಹಬ್ಬದ ಊಟ ಹಬ್ಬದ ದಿನಕ್ಕೆ. ಪೆಸಿಫಿಕ್ ಸಾಗರದಲ್ಲಿ ಕಾಣುವುದು ದಿನದಿನದ ಸಹವಾಸ. ಅದಕ್ಕೆ ಹಬ್ಬದ ಲೆಕ್ಕ ಹೊಂದುವುದೆ?

ಯಾರು ಏನನ್ನು ತಿಂದರೆಂದು ತಿಳಿಯುವುದಕ್ಕೆ ಸಮುದ್ರದಲ್ಲಿ ಸಾಕ್ಷಿಗಳಿಲ್ಲ. ಹೊಟ್ಟೆಯೊಂದೇ ಸಾಕ್ಷಿ. ಮೀನಿನ ಮಾಂಸ ಬೇಗ ಜೀರ್ಣವಾಗಿಹೋದರೂ ಅದರ ತಲೆಯೊಳಗಿನ ಕಿವಿಕಲ್ಲುಗಳು ಕೆಲವು ಗಂಟೆಗಳ ಕಾಲ ಹೊಟ್ಟೆಯಲ್ಲಿ ಉಳಿಯುವುವು. ಒಂದೊಂದು ಜಾತಿಯ ಮೀನಿಗೆ ಒಂದೊಂದು ಆಕಾರದ ಕಲ್ಲು. ಅದನ್ನು ನೋಡಿ ಬಲ್ಲವರು ಮೀನಿನ ಹೆಸರನ್ನೂ ಅಳತೆಯನ್ನೂ ಹೇಳಬಲ್ಲರು. ಕರಾವಳಿಯವರು ಬೊಂಡಾಸವೆನ್ನುವ ಸ್ಕ್ವಿಡ್ಡಿಗೆ ಗಿಳಿಯ ಕೊಕ್ಕಿನಂಥ ಗಟ್ಟಿ ಬಾಯಿಯುಂಟು. ಅದು ಇನ್ನೂ ಹೆಚ್ಚು ಕಾಲ ಕರಗದೆ ಉಳಿಯುವುದು. ಒಂದೇ ಬಲೆಯಲ್ಲಿ ಸಿಕ್ಕ ಡಾಲ್ಫಿನ್‌ಗಳ ಮತ್ತು ಟ್ಯೂನಾಗಳ ಹೊಟ್ಟೆಗಳನ್ನು ಹೀಗೆ ಪರೀಕ್ಷಿಸಿ ವಿಲಿಯಮ್ ಪೆರಿನ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರೂ ಅವರ ಸಂಗಡಿಗರೂ ೧೯೭೩ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಚುಕ್ಕೆ ಡಾಲ್ಫಿನ್ನಿನ ಹೊಟ್ಟೆಯಲ್ಲಿಯೂ ಟ್ಯೂನಾದ ಹೊಟ್ಟೆಯಲ್ಲಿಯೂ ಸ್ಕ್ವಿಡ್ಡುಗಳು ಹೇರಳವಾಗಿ ದೊರೆತುವು. ಗಿರಕಿ ಡಾಲ್ಫಿನ್ನಿನ ಹೊಟ್ಟೆಯಲ್ಲಿ ಮಾತ್ರ ಆಳದ ನೀರಿನ ಸಣ್ಣ ಮೀನುಗಳು ಹೆಚ್ಚಾಗಿದ್ದುವು. ಚುಕ್ಕೆಯೂ ಟ್ಯೂನಾವೂ ಒಂದೇ ಎಲೆಯಲ್ಲಿ ಉಣ್ಣುವುವೆಂಬ ನಂಬಿಕೆಗೆ ಇದರಿಂದ ಬಲ ಬಂದಿತು.

ಆದರೆ ಏನನ್ನು ತಿಂದಿತು ಎಂಬುದರ ಜೊತೆಗೆ ಯಾವಾಗ ತಿಂದಿತು ಎಂದು ಕೇಳಿದ ಮೇಲೆ ಚಿತ್ರ ಬದಲಾಯಿತು. ೧೯೯೭ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ನೂರಾರು ಚುಕ್ಕೆ ಡಾಲ್ಫಿನ್‌ಗಳ ಹೊಟ್ಟೆಗಳನ್ನು ಅವು ಸಿಕ್ಕಿದ ವೇಳೆಯೊಡನೆ ಹೋಲಿಸಿ ನೋಡಿದರು. ಬೆಳಗ್ಗೆ ಸಿಕ್ಕಿದವುಗಳ ಹೊಟ್ಟೆ ತುಂಬಿತ್ತು. ಹೊತ್ತು ಏರಿದಂತೆ ಬರಿದಾಗುತ್ತ ಬಂದಿತ್ತು. ರಾತ್ರಿಯೇ ಅವುಗಳ ಊಟದ ಹೊತ್ತೆಂದು ಇದರಿಂದ ಸ್ಪಷ್ಟವಾಯಿತು. ಬಳಿಕ ೨೦೧೨ರಲ್ಲಿ ಮೈಕೇಲ್ ಸ್ಕಾಟ್ ಮುಂತಾದ ಸಂಶೋಧಕರು ಹೊಟ್ಟೆಗಳ ಲೆಕ್ಕದೊಡನೆ ಮತ್ತೊಂದು ಬಗೆಯ ಲೆಕ್ಕವನ್ನೂ ಸೇರಿಸಿ ಪ್ರಕಟಿಸಿದರು. ಒಂದೇ ಹಿಂಡಿನ ಡಾಲ್ಫಿನ್ನಿಗೂ ಟ್ಯೂನಾಕ್ಕೂ ಸಂಕೇತ ಕಳುಹಿಸುವ ಸಣ್ಣ ಯಂತ್ರಗಳನ್ನು ಕಟ್ಟಿ, ಎರಡೂ ಯಾವ ಹೊತ್ತಿನಲ್ಲಿ ಎಷ್ಟು ಆಳದಲ್ಲಿ ಇರುತ್ತವೆಂದು ಹಡಗಿನಿಂದ ಹಿಂಬಾಲಿಸಿ ನೋಡಿದ ಲೆಕ್ಕವದು.

ಅದರಿಂದ ತಿಳಿದುಬಂದುದು ಹೀಗೆ. ಸಮುದ್ರದ ನಡು ಆಳದಲ್ಲಿ ಲಾಂದ್ರಮೀನು ಎಂಬ ಬೆರಳುದ್ದದ ಮೀನುಗಳುಂಟು; ಅವುಗಳ ಮೈಮೇಲೆ ಮಿಣುಕುವ ಬೆಳಕಿನ ಚುಕ್ಕೆಗಳಿರುವುವು. ಹಗಲೆಲ್ಲ ಕತ್ತಲೆಯ ಆಳದಲ್ಲಿ ಅಡಗಿದ್ದು, ಸೂರ್ಯ ಮುಳುಗಿದ ಮೇಲೆ ಇವೂ ಸ್ಕ್ವಿಡ್ಡುಗಳೂ ಮೇಲಕ್ಕೆ ಏರಿ ಬರುವುವು. ಆಗ ಡಾಲ್ಫಿನ್ನಿಗೆ ಸುಗ್ಗಿ. ಅದು ಕತ್ತಲೆಯಲ್ಲಿ ಕಣ್ಣನ್ನು ನೆಚ್ಚುವುದಿಲ್ಲ. ಬಾವಲಿಯಂತೆ ಶಬ್ದವನ್ನು ಹೊರಡಿಸಿ, ಮರುದನಿಯನ್ನು ಕೇಳಿ ಬೇಟೆಯ ಇರವನ್ನು ತಿಳಿಯುವುದು. ಟ್ಯೂನಾ ಅದಕ್ಕೆ ವಿರುದ್ಧ. ಅದು ಕಣ್ಣಿನ ಬೇಟೆಗಾರ. ಬಿಸಿಲಿನ ಬೆಳಕಿನಲ್ಲಿ ಮೇಲಿನ ನೀರಿನ ಹಾರುಮೀನು, ಸಣ್ಣ ಜಾತಿಯ ಟ್ಯೂನಾ, ಏಡಿ, ಸ್ಕ್ವಿಡ್ ಮೊದಲಾದುವನ್ನು ಅಟ್ಟಿ ಹಿಡಿಯುವುದು. ಹಗಲಿನಲ್ಲಿ ಒಂದಾಗಿದ್ದ ಹಿಂಡುಗಳು ರಾತ್ರಿಯಲ್ಲಿ ಬೇರೆಯಾಗುವುದೂ ಉಂಟು. ಒಬ್ಬರ ಊಟದ ಹೊತ್ತು ಇನ್ನೊಬ್ಬರ ವಿಶ್ರಾಂತಿಯ ಹೊತ್ತು. ಒಬ್ಬರ ಉಗ್ರಾಣ ಆಳದ್ದು, ಇನ್ನೊಬ್ಬರದು ಮೇಲಿನದು. ಒಂದು ಪದಾರ್ಥ ಎರಡು ಎಲೆಗೂ ಬೀಳುವುದುಂಟಾದರೂ ಹೆಚ್ಚಿನ ಭಾಗ ಬೇರೆ ಬೇರೆ. ಹಂಚಿಕೊಂಡು ತಿನ್ನುವುದರಿಂದ ಇವು ಕೂಡಿ ಬಾಳುವುವೆಂದು ನಾವು ತಿಳಿದಿದ್ದೆವು. ಬೇರೆ ಬೇರೆ ತಿನ್ನುವುದರಿಂದ ಕೂಡಿ ಬಾಳುವುದು ಸಾಧ್ಯವಾಗಿದೆ ಎಂಬುದು ಈಗ ತಿಳಿದ ಮಾತು.

ಹಾಗಾದರೆ ಊಟಕ್ಕಲ್ಲದೆ ಮತ್ತೇತಕ್ಕೆ ಈ ಸಹವಾಸ? ಬಯಲಿನಂತಿರುವ ನಡುಗಡಲಿನಲ್ಲಿ ಅಡಗುವುದಕ್ಕೆ ಬಂಡೆಯಿಲ್ಲ, ಪೊದೆಯಿಲ್ಲ. ದೊಡ್ಡ ಶಾರ್ಕುಗಳು ಎರಡಕ್ಕೂ ಶತ್ರುಗಳು. ಗುಂಪು ದೊಡ್ಡದಾದಷ್ಟೂ ಕಾಯುವ ಕಣ್ಣು ಕಿವಿಗಳು ಹೆಚ್ಚು; ಒಂದೊಂದು ಜೀವಕ್ಕೂ ಬರುವ ಅಪಾಯ ಕಡಿಮೆ. ಕಳ್ಳರ ಭಯವಿದ್ದ ಕಾಲದಲ್ಲಿ ಬೇರೆ ಬೇರೆ ಊರಿನ ದಾರಿಗರು ಬುತ್ತಿ ಬೇರೆಯಾಗಿದ್ದರೂ ಜೊತೆ ಕಟ್ಟಿಕೊಂಡು ನಡೆಯುತ್ತಿದ್ದಂತೆ ಇದೂ ಒಂದು ಏರ್ಪಾಟು ಎಂದು ಆ ಸಂಶೋಧಕರ ಅಭಿಪ್ರಾಯ. ಆ ಭಾಗದಲ್ಲಿಯೇ ಈ ಸಂಗ ಬಲವಾಗಿರುವುದಕ್ಕೂ ಒಂದು ಕಾರಣವನ್ನು ಅವರು ತೋರಿಸಿದ್ದಾರೆ. ಅಲ್ಲಿ ಮೇಲಿನ ಬೆಚ್ಚನೆಯ ನೀರಿನ ಪದರ ಬಲು ತೆಳುವು. ಅದರ ಕೆಳಗೆ ತಣ್ಣೀರು. ಆ ತಣ್ಣೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಸದಾ ಓಡುವ ಟ್ಯೂನಾಕ್ಕೆ ಅಲ್ಲಿ ಹೆಚ್ಚು ಹೊತ್ತು ಉಸಿರು ಸಾಲದು. ಹೀಗೆ ಅದು ಮೇಲಿನ ಪದರದಲ್ಲಿಯೇ, ಎಂದರೆ ಉಸಿರಿಗಾಗಿ ಮೇಲಕ್ಕೆ ಬರಲೇಬೇಕಾದ ಡಾಲ್ಫಿನ್ನಿನ ನೆರೆಯಲ್ಲಿಯೇ, ಉಳಿಯಬೇಕಾಗುತ್ತದೆ. ಚಿಕ್ಕ ಮನೆಯಲ್ಲಿ ಇಬ್ಬರು ಬಾಡಿಗೆದಾರರು ಹತ್ತಿರವಾಗುವುದು ಸಹಜವಲ್ಲವೆ?

ಇನ್ನು ಮೂರನೆಯವನ ಕಥೆ. ಟ್ಯೂನಾ ನೀರಿನೊಳಗೆ ಕಾಣುವುದಿಲ್ಲ. ನೆಗೆಯುವ ಡಾಲ್ಫಿನ್ ದೂರದಿಂದಲೇ ಕಾಣುವುದು. ಡಾಲ್ಫಿನ್ ಇದ್ದಲ್ಲಿ ದೊಡ್ಡ ಟ್ಯೂನಾ ಇರುವುದೆಂಬುದನ್ನು ಅಮೆರಿಕದ ಬೆಸ್ತರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಮೊದಲು ಅವರು ಹಡಗಿನ ಅಂಚಿನಲ್ಲಿ ನಿಂತು ಕೋಲು ಗಾಳಗಳಿಂದ ಒಂದೊಂದಾಗಿ ಮೀನನ್ನು ಎಳೆದು ಹಾಕುತ್ತಿದ್ದರು. ಅದರಿಂದ ಡಾಲ್ಫಿನ್ನಿಗೆ ತೊಂದರೆಯಿರಲಿಲ್ಲ. ೧೯೫೦ರ ದಶಕದಲ್ಲಿ ಕೊಳೆಯದ ನೈಲಾನ್ ಬಲೆಗಳು ಬಂದುವು; ಮಾರಿಯೋ ಪುರೆಟಿಕ್ ಎಂಬಾತ ಭಾರವಾದ ಬಲೆಯನ್ನು ಯಂತ್ರಬಲದಿಂದ ಎಳೆದುಕೊಳ್ಳುವ ರಾಟೆಯೊಂದನ್ನು ನಿರ್ಮಿಸಿದನು. ೧೯೫೯ರ ಹೊತ್ತಿಗೆ ಕೋಲುಗಳು ಹಿಂದೆ ಬಿದ್ದು ಬಲೆಯ ಹಡಗುಗಳು ಮುಂದೆ ಬಂದುವು. ಈ ಬಲೆ ಒಂದು ಮೈಲಿಯಷ್ಟು ಉದ್ದ, ನೂರಾರು ಅಡಿ ಆಳ. ವೇಗದ ದೋಣಿಗಳಿಂದ ಡಾಲ್ಫಿನ್ ಹಿಂಡನ್ನು ಅಟ್ಟಿ ದಣಿಸಿ, ಅದರ ಸುತ್ತ ಬಲೆಯನ್ನು ಗೋಡೆಯಂತೆ ಇಳಿಯಬಿಟ್ಟು, ಕೆಳಗಿನ ಹಗ್ಗವನ್ನು ಸಂಚಿಯ ದಾರದಂತೆ ಎಳೆದು ಬಿಗಿಯುವರು. ಇಷ್ಟಾದರೂ ಟ್ಯೂನಾ ಡಾಲ್ಫಿನ್ನನ್ನು ಬಿಟ್ಟು ಹೋಗುವುದಿಲ್ಲ. ಕಾಪಾಡಲೆಂದು ಹಿಡಿದ ಜೊತೆಯೇ ಎರಡಕ್ಕೂ ಕುತ್ತಾಯಿತು.

ಬಲೆಯ ಮೇಲಂಚು ನೀರಿನ ಮಟ್ಟದಲ್ಲಿ ತೇಲುತ್ತಿರುತ್ತದೆ. ಆಳೆತ್ತರ ನೆಗೆಯಬಲ್ಲ ಡಾಲ್ಫಿನ್ನಿಗೆ ಅದನ್ನು ದಾಟುವುದು ಕಷ್ಟವಲ್ಲ. ಆದರೂ ದಾಟುವುದಿಲ್ಲ. ಗೋಡೆಯೆಂಬುದನ್ನೇ ಕಾಣದ ಬಯಲುಗಡಲಿನ ಪ್ರಾಣಿಗೆ ಅದನ್ನು ಹಾರಬಹುದೆಂದು ತೋರುವುದಿಲ್ಲ. ಬೆದರಿ ಗುಂಪುಗೂಡಿ ನಿಲ್ಲುವುದು. ಮಡಿಕೆಗಳಲ್ಲಿ ಸಿಕ್ಕಿಬಿದ್ದರೆ ಉಸಿರಿಗೆ ಮೇಲೆ ಬರಲಾರದೆ ಮುಳುಗಿ ಸಾಯುವುದು. ಯಾರಿಗೂ ಬೇಡವಾದ ಆ ಹೆಣಗಳನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ೧೯೫೯ರಿಂದ ೧೯೭೨ರವರೆಗೆ ಹೀಗೆ ಸತ್ತ ಡಾಲ್ಫಿನ್‌ಗಳು ಸುಮಾರು ೪೯ ಲಕ್ಷವೆಂದು ಮುಂದೆ ಅಂದಾಜು ಮಾಡಿದ್ದಾರೆ.

ಒಂದೇ ಬಲೆ ಎರಡೂ ಜಾತಿಗಳನ್ನು ಹಿಡಿದರೂ ಎರಡಕ್ಕೂ ಆದ ನಷ್ಟ ಒಂದೇ ಅಲ್ಲ. ಹಳದಿ ರೆಕ್ಕೆಯ ಟ್ಯೂನಾ ಎರಡು ಮೂರು ವರ್ಷಗಳಲ್ಲಿ ಪ್ರಾಯಕ್ಕೆ ಬರುವುದು. ಹೆಣ್ಣು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ಚೆಲ್ಲುವುದು. ಡಾಲ್ಫಿನ್ ಹೆಣ್ಣು ತಾಯಾಗುವುದಕ್ಕೆ ಹತ್ತು ವರ್ಷಗಳಾದರೂ ಬೇಕು; ಗರ್ಭಕಾಲ ಹನ್ನೊಂದು ತಿಂಗಳಿಗೂ ಮಿಕ್ಕುದು; ಹೆರುವುದು ಒಂದೇ ಮರಿ; ಅದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮೊಲೆಯೂಡಿಸಬೇಕು; ಮುಂದಿನ ಮರಿಗೆ ಸುಮಾರು ಮೂರು ವರ್ಷ ಕಾಯಬೇಕು. ಟ್ಯೂನಾದ ಉಗ್ರಾಣ ಮಳೆ ಬಂದರೆ ತುಂಬುವ ಕೆರೆಯಂತೆ. ಡಾಲ್ಫಿನ್ನಿನದು ಹನಿಹನಿಯಾಗಿ ಒಸರುವ ಬಾವಿಯಂತೆ.

ಈ ಹತ್ಯೆ ದಡದಲ್ಲಿದ್ದ ಜನರಿಗೆ ತಿಳಿದಿರಲಿಲ್ಲ. ೧೯೬೦ರ ದಶಕದ ಕೊನೆಯಲ್ಲಿ ಮೇಲೆ ಹೇಳಿದ ಪೆರಿನ್‌ರು ಇದನ್ನು ವಿದ್ವಾಂಸರ ಗಮನಕ್ಕೆ ತಂದರು. ೧೯೭೨ರಲ್ಲಿ ಅಮೆರಿಕದಲ್ಲಿ ಸಮುದ್ರದ ಸಸ್ತನಿಗಳನ್ನು ಕಾಪಾಡುವ ಕಾಯಿದೆಯಾಯಿತು. ಆದರೆ ಕಾಯಿದೆಗಿಂತ ಮೊದಲೇ ಪರಿಹಾರವನ್ನು ಹುಡುಕತೊಡಗಿದವರು ಬೆಸ್ತರೇ ಎಂಬುದನ್ನು ಮರೆಯಬಾರದು. ಅವರ ಉಪಾಯ ಸರಳವಾದುದು. ಬಲೆಯನ್ನು ಅರ್ಧಕ್ಕಿಂತ ಹೆಚ್ಚು ಎಳೆದುಕೊಂಡ ಮೇಲೆ ಹಡಗನ್ನು ಹಿಂದಕ್ಕೆ ನಡೆಸುವರು. ಆಗ ಬಲೆ ಉದ್ದನೆಯ ಕಾಲುವೆಯಂತಾಗಿ, ಅದರ ದೂರದ ತುದಿಯ ಅಂಚು ನೀರಿನ ಕೆಳಕ್ಕೆ ಇಳಿಯುವುದು. ಉಸಿರಿಗಾಗಿ ಮೇಲೆಯೇ ಇರುವ ಡಾಲ್ಫಿನ್‌ಗಳು ಆ ಅಂಚಿನ ಮೇಲಿಂದ ಹೊರಕ್ಕೆ ಜಾರಿಹೋಗುವುವು; ಕಿವಿರಿನಿಂದ ಉಸಿರಾಡುವ ಟ್ಯೂನಾ ಕೆಳಗೆಯೇ ಉಳಿಯುವುದು. ಮಡಿಕೆಯಲ್ಲಿ ಸಿಕ್ಕವನ್ನು ಆಳುಗಳು ನೀರಿಗಿಳಿದು ಕೈಯಿಂದ ಬಿಡಿಸುವರು. ೧೯೭೧ರಲ್ಲಿ ಹೆರಾಲ್ಡ್ ಮೆಡಿನಾ ಎಂಬ ಹಡಗಿನ ಕಪ್ತಾನನು, ಡಾಲ್ಫಿನ್‌ಗಳು ಜಾರುವ ಆ ಭಾಗಕ್ಕೆ ಮೂತಿಯೂ ರೆಕ್ಕೆಯೂ ಸಿಕ್ಕದಷ್ಟು ಸಣ್ಣ ಕಣ್ಣಿನ ಬಲೆಯನ್ನು ಸೇರಿಸಿದನು.

ಅಮೆರಿಕದ ಹಡಗುಗಳಲ್ಲಿ ಸಾವು ಇಳಿಯಿತು; ಬೇರೆ ದೇಶಗಳ ಹಡಗುಗಳು ಹೆಚ್ಚಿದುವು. ೧೯೮೬ರಲ್ಲಿ ಸತ್ತವು ೧,೩೦,೦೦೦ಕ್ಕೂ ಮೇಲೆ. ಸ್ಯಾಮ್ ಲಾಬಡ್ ಎಂಬ ತರುಣನು ಪನಾಮಾ ದೇಶದ ಹಡಗೊಂದರಲ್ಲಿ ಆಳಾಗಿ ಸೇರಿ, ಕಂಡುದನ್ನೆಲ್ಲ ಚಲಚ್ಚಿತ್ರದಲ್ಲಿ ಹಿಡಿದು ತಂದನು. ೧೯೮೮ರಲ್ಲಿ ಅದನ್ನು ಜನ ನೋಡಿದರು. ತಮ್ಮ ಮಕ್ಕಳ ಬುತ್ತಿಗೆ ಡಬ್ಬಿಯ ಮೀನನ್ನು ಕೊಳ್ಳುತ್ತಿದ್ದ ತಾಯಂದಿರು ಆ ಡಬ್ಬಿಗಳನ್ನು ಬಿಟ್ಟರು. ೧೯೯೦ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಮೂರು ದೊಡ್ಡ ಕಂಪೆನಿಗಳು ಡಾಲ್ಫಿನ್ ಮೇಲೆ ಬಲೆ ಹಾಕಿ ಹಿಡಿದ ಟ್ಯೂನಾವನ್ನು ಕೊಳ್ಳುವುದಿಲ್ಲವೆಂದು ಸಾರಿದುವು. ಡಬ್ಬಿಯ ಮೇಲೆ ಡಾಲ್ಫಿನ್ನಿಗೆ ಅಪಾಯವಿಲ್ಲವೆಂಬ ಮುದ್ರೆ ಬಂದಿತು. ೧೯೯೨ರಲ್ಲಿ ಆ ಸಾಗರದಲ್ಲಿ ಮೀನು ಹಿಡಿಯುವ ದೇಶಗಳು ಒಪ್ಪಂದ ಮಾಡಿಕೊಂಡು, ಒಂದೊಂದು ಹಡಗಿಗೂ ಇಷ್ಟೇ ಸಾವೆಂದು ಮಿತಿ ಹಾಕಿ, ದೊಡ್ಡ ಹಡಗುಗಳಲ್ಲಿ ಲೆಕ್ಕವಿಡುವ ವೀಕ್ಷಕರನ್ನು ನೇಮಿಸಿದುವು. ೧೯೯೩ರಲ್ಲಿ ಸತ್ತವು ಸುಮಾರು ೩,೬೦೦. ೧೯೯೮ರಲ್ಲಿ ಆ ಒಪ್ಪಂದವೇ ಎಲ್ಲರನ್ನೂ ಕಟ್ಟುವ ಕರಾರಾಯಿತು; ಈಚೆಗೆ ವರ್ಷದ ಲೆಕ್ಕ ಸಾವಿರದ ಆಸುಪಾಸಿಗೋ ಅದಕ್ಕೂ ಕೆಳಕ್ಕೋ ಇಳಿದಿದೆ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆನ್ನಬಹುದೆ? ಪೂರ್ತಿಯಾಗಿ ಅಲ್ಲ. ಡಾಲ್ಫಿನ್ನನ್ನು ಬಿಟ್ಟ ಹಡಗುಗಳು ಹಲವು ಕಡೆ ತೇಲುವ ಮರ, ತೆಪ್ಪಗಳ ಕೆಳಗೆ ಸೇರುವ ಮೀನಿಗೆ ಬಲೆ ಹಾಕತೊಡಗಿದುವು. ಅಲ್ಲಿ ಡಾಲ್ಫಿನ್ ಇಲ್ಲ, ನಿಜ. ಆದರೆ ಇನ್ನೂ ಬೆಳೆಯದ ಮರಿ ಟ್ಯೂನಾ, ಶಾರ್ಕ್, ಕಡಲಾಮೆ ಮೊದಲಾದುವು ಬಲೆಗೆ ಬೀಳುವುವು. ಡಬ್ಬಿಯ ಮುದ್ರೆ ಡಾಲ್ಫಿನ್ನಿನ ಕ್ಷೇಮವನ್ನು ಹೇಳುವುದೇ ಹೊರತು ಇವುಗಳ ಸುದ್ದಿಯನ್ನು ಹೇಳುವುದಿಲ್ಲ. ಒಂದೂ ಸಾಯದಂತೆ ಎಚ್ಚರದಿಂದ ಹಿಡಿದ ಮೀನಿಗೂ ಈ ಮುದ್ರೆ ಏಕಿರಬಾರದೆಂದು ಮೆಕ್ಸಿಕೋ ದೇಶವು ವಾದಿಸಿತು. ೧೯೯೧ರಲ್ಲಿ ಮೊದಲಾದ ಆ ವ್ಯಾಜ್ಯ ರೂಪಾಂತರಗಳನ್ನು ತಾಳಿ ೨೦೧೮ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ತೀರ್ಪು ಅಮೆರಿಕದ ಪರವಾಗುವವರೆಗೂ ನಡೆಯಿತು. ಡಾಲ್ಫಿನ್‌ಗಳೂ ಎಣಿಸಿದಷ್ಟು ಬೇಗ ಹೆಚ್ಚಲಿಲ್ಲ. ಬಲೆಯಲ್ಲಿ ಸತ್ತ ಹಾಲೂಡುವ ತಾಯಿಗಳ ಲೆಕ್ಕಕ್ಕೆ ಸರಿಯಾಗಿ ಮರಿಗಳು ದೊರೆಯುತ್ತಿರಲಿಲ್ಲ. ದೋಣಿಗಳು ಅಟ್ಟುವಾಗ ಎಳೆಯ ಮರಿ ತಾಯಿಯಿಂದ ಹಿಂದೆ ಬಿದ್ದುಹೋಗುವುದೆಂದೂ, ಹಾಲಿಲ್ಲದೆ ಅದು ಉಳಿಯಲಾರದೆಂದೂ, ವೀಕ್ಷಕನ ಪುಸ್ತಕದಲ್ಲಿ ಆ ಸಾವು ಬರೆಯಲ್ಪಡುವುದಿಲ್ಲವೆಂದೂ ಶಾಸ್ತ್ರಜ್ಞರು ಊಹಿಸುತ್ತಾರೆ.

ನಮ್ಮ ಕಡಲಿಗೂ ಈ ಸಹಪಂಕ್ತಿ ಅಪರಿಚಿತವಲ್ಲ. ಕೇರಳಕ್ಕೆ ನೈಋತ್ಯದಲ್ಲಿರುವ ಮಾಲ್ದೀವ್ ದ್ವೀಪಗಳ ಸುತ್ತಿನ ನೀರಿನಲ್ಲಿಯೂ ಚುಕ್ಕೆ ಮತ್ತು ಗಿರಕಿ ಡಾಲ್ಫಿನ್‌ಗಳ ಜೊತೆಯಲ್ಲಿ ದೊಡ್ಡ ಹಳದಿ ರೆಕ್ಕೆಯ ಟ್ಯೂನಾಗಳು ಸಂಚರಿಸುವುವು. ಅಲ್ಲಿನ ಬೆಸ್ತರೂ ಡಾಲ್ಫಿನ್ನನ್ನು ನೋಡಿಯೇ ಮೀನಿನ ಜಾಡನ್ನು ಹಿಡಿಯುವರು. ಆದರೆ ಅವರು ಬಲೆಯನ್ನು ಸುತ್ತುವುದಿಲ್ಲ. ಹಿಂಡಿನ ಹತ್ತಿರಕ್ಕೆ ಹೋಗಿ ಜೀವಂತ ಮರಿಮೀನನ್ನು ಪೋಣಿಸಿದ ಕೈಗಾಳವನ್ನು ಇಳಿಯಬಿಟ್ಟು ಒಂದೊಂದು ಮೀನನ್ನು ಎಳೆದುಕೊಳ್ಳುವರು. ಡಾಲ್ಫಿನ್‌ಗಳು ತಮ್ಮ ದಾರಿಯನ್ನು ಹಿಡಿದು ಮುಂದೆ ಹೋಗುವುವು. ಅದೇ ಪ್ರಾಣಿ, ಅದೇ ಮೀನು, ಅದೇ ಸಹವಾಸ. ಬದಲಾದುದು ಪಂಕ್ತಿಗೆ ಬಂದ ಮನುಷ್ಯನ ಕೈಯೊಳಗಿನ ಸಾಧನ.

ಡಾಲ್ಫಿನ್ನೂ ಟ್ಯೂನಾವೂ ಒಂದೇ ನೀರಿನಲ್ಲಿ ಬಾಳುವುದಕ್ಕೆ ಯಾವ ಕರಾರನ್ನೂ ಬರೆದುಕೊಂಡಿಲ್ಲ. ಒಂದು ಹಗಲನ್ನು ತೆಗೆದುಕೊಂಡಿತು, ಇನ್ನೊಂದಕ್ಕೆ ಇರುಳು ಉಳಿಯಿತು. ಮನುಷ್ಯನು ಹಗಲಿರುಳೆನ್ನದೆ, ಮೇಲು ಆಳಗಳೆನ್ನದೆ, ಬೇಕಾದುದನ್ನೂ ಬೇಡವಾದುದನ್ನೂ ಒಟ್ಟಿಗೆ ಬಾಚಬಲ್ಲನು. ಆದುದರಿಂದ ಕರಾರಿನ ಅಗತ್ಯ ಬಿದ್ದುದು ಅವನೊಬ್ಬನಿಗೆ. ಅಂಥ ಬಲೆಯನ್ನು ಹಾಕಿ ಎಳೆದುಕೊಳ್ಳುವುದಕ್ಕೆ ಎರಡು ಮೂರು ಗಂಟೆ ಸಾಕು. ಅದರಲ್ಲಿ ಸತ್ತ ಒಂದು ತಾಯಿಯ ಸ್ಥಾನಕ್ಕೆ ಇನ್ನೊಂದು ತಾಯಿ ಬೆಳೆದು ಬರುವುದಕ್ಕೆ ಹತ್ತು ವರ್ಷಗಳಾದರೂ ಹಿಡಿಯುವುದು. ೧೯೭೨ರ ಮೊದಲು ಕಳೆದುಹೋದ ಹಿಂಡುಗಳು ೨೦೦೦ದ ಸುಮಾರಿನಲ್ಲಿ ಎಣಿಸಿ ನೋಡಿದಾಗಲೂ, ಚುಕ್ಕೆ ಜಾತಿಯಲ್ಲಿ ಹಿಂದಿನ ಐದರಲ್ಲಿ ಒಂದು ಪಾಲು, ಗಿರಕಿ ಜಾತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಇದ್ದುವು.